ಶರೀಫರ ಪದಕ್ಕೆ ಗಿಟಾರು: ಕೆಟ್ಟಿತೋ, ಉಳಿಯಿತೋ?

ಹೆಸರು ಮಾಡಿದ ಸಂಗೀತ ತಂಡವೊಂದು ತನ್ನ ಹಾಡಿನ ವರಸೆ ಬದಲಿಸಿತು ಅನ್ನಿ. ಮರುದಿನದಿಂದಲೇ ದೂರು ಶುರು. "ಮೊದಲಿನ ಗಮ್ಮತ್ತು ಇಲ್ಲ ಕಣ್ರೀ", "ದುಡ್ಡಿನ ಹಿಂದೆ ಬಿದ್ದುಬಿಟ್ರು", "ಬರೀ ಗದ್ದಲ, ಹಾಡೆಲ್ಲಿದೆ?" ಸಕಲೇಶಪುರದ ಹೋಟೆಲ್ ಬೆಂಚಾಗಲಿ, ಆಲೂರಿನ ಬಸ್ ನಿಲ್ದಾಣವಾಗಲಿ, ಬೆಂಗಳೂರಿನ ದೊಡ್ಡ ಸಭಾಂಗಣವಾಗಲಿ, ದೂರಿನ ಮಾತು ಒಂದೇ. ಹಳೆಯ ಹಾಡು ಕೇಳಿ ಮೆಚ್ಚಿದವನಿಗೆ ಹೊಸ ಹಾಡು ಮೊದಲ ಸಲಕ್ಕೆ ಹಿಡಿಸುವುದಿಲ್ಲ. ಅದು ಮನುಷ್ಯ ಸ್ವಭಾವ.

ಆದರೆ ಈ ದೂರಿನ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯೂ ಇದೆ. ತಂಡ ಬದಲಾದಾಗ ಹೋದದ್ದು ಏನು, ಉಳಿದದ್ದು ಏನು? ಇದಕ್ಕೆ ಉತ್ತರ ಹುಡುಕಲು ಹಾಸನ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ.

ಜಿಲ್ಲೆಯ ಮಗ ಮಾಡಿದ ಬದಲಾವಣೆ

ಸಿ. ಅಶ್ವತ್ಥ್ ಚನ್ನರಾಯಪಟ್ಟಣದವರು. 1939ರ ಡಿಸೆಂಬರ್ 29ರಂದು ಹುಟ್ಟಿ, 2009ರಲ್ಲಿ ಅದೇ ಡಿಸೆಂಬರ್ 29ರಂದು ತೀರಿಕೊಂಡರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ನಾಟಕಕ್ಕೆ, ಸಿನಿಮಾಕ್ಕೆ, ಕವಿಗಳ ಪದ್ಯಕ್ಕೆ ರಾಗ ಕಟ್ಟಿದವರು.

ಅವರಿಗಿಂತ ಮುಂಚೆ ಪಿ. ಕಾಳಿಂಗರಾಯರು ಕವಿಗಳ ಹಾಡನ್ನು ಊರೂರಿಗೆ ಒಯ್ದಿದ್ದರು. ಮೈಸೂರು ಅನಂತಸ್ವಾಮಿಯವರು ಅದಕ್ಕೆ ಇನ್ನಷ್ಟು ನಯ ತಂದಿದ್ದರು. ಒಂದು ಹಾರ್ಮೋನಿಯಂ, ಒಂದು ತಬಲ, ಬೇಕಾದರೆ ಒಂದು ಕೊಳಲು. ಸಭಿಕರು ಸದ್ದಿಲ್ಲದೆ ಕೂತು ತಲೆದೂಗುವುದು. ಭಾವಗೀತೆ ಎಂದರೆ ಇಷ್ಟೇ ಎಂದು ಜನ ತಿಳಿದಿದ್ದ ಕಾಲ ಅದು.

ಅಶ್ವತ್ಥ್ ಬಂದದ್ದು ಎದೆ ತುಂಬಿದ ಏರು ದನಿಯೊಂದಿಗೆ. ಶಿಶುನಾಳ ಶರೀಫರ ತತ್ವಪದಗಳು ಅಲ್ಲಿಯವರೆಗೆ ಬಹುಪಾಲು ಧಾರವಾಡದ ಕಡೆಯ ಭಜನೆ ಮೇಳಗಳ ಆಸ್ತಿ. ಅವನ್ನು ಕ್ಯಾಸೆಟ್ಟಿಗೆ ತಂದು ಹಳೇ ಮೈಸೂರು ಸೀಮೆಯ ಮನೆಮನೆಗೆ ಮುಟ್ಟಿಸಿದ ಕೀರ್ತಿಯಲ್ಲಿ ಅಶ್ವತ್ಥರ ಪಾಲು ದೊಡ್ಡದು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಸಂಗೀತ ಅವರದೇ. ಮನೆಯ ಮಾಳಿಗೆ ಸೋರುವ ಆ ಪದವನ್ನು ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೂನ್ ತಿಂಗಳಲ್ಲಿ ಹೆಂಚು ಸರಿದ ಮನೆಯೊಳಗೆ ಕೂತವನಿಗೆ ಆ ಪದದ ಮೇಲರ್ಥ ತಾನಾಗಿ ಗೊತ್ತು. ಒಳಗಿನ ಅರ್ಥ ನಿಧಾನಕ್ಕೆ ಹೊಳೆಯುತ್ತದೆ.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಯಿತು. ಬಯಲು ವೇದಿಕೆ, ಭಾರಿ ವಾದ್ಯವೃಂದ, ಕಣ್ಣು ಹಾಯಿಸಿದಷ್ಟೂ ಜನ. ಕುವೆಂಪು, ಬೇಂದ್ರೆ, ಶರೀಫರ ಹಾಡು ಕೇಳಲು ಅಷ್ಟು ಜನ ಸೇರುತ್ತಾರೆಂದು ಮೊದಲೇ ಹೇಳಿದ್ದರೆ ನಗುವವರೇ ಹೆಚ್ಚು. ಹಾರ್ಮೋನಿಯಂ ತಬಲದಿಂದ ಅರಮನೆ ಮೈದಾನದ ವಾದ್ಯವೃಂದಕ್ಕೆ ಬಂದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಸಾಹಿತ್ಯ ಮಾತ್ರ ಕೊನೆಯ ಸಾಲಿನಲ್ಲಿ ನಿಂತವನಿಗೂ ತಲುಪಬೇಕು ಎಂಬ ಹಟವನ್ನು ಅಶ್ವತ್ಥ್ ಬಿಡಲಿಲ್ಲ.

ಗಿಟಾರು ಹಿಡಿದ ಮೈಸೂರಿನ ಹುಡುಗ

ಶರೀಫರ ಪದಗಳ ಮುಂದಿನ ಪ್ರಯಾಣ ಇನ್ನೂ ಸ್ವಾರಸ್ಯ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿ ಶಾಸ್ತ್ರ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಗಿಟಾರು ಕೈಗೆತ್ತಿಕೊಂಡರು. ಮೊದಲು 'ಅಂತರಾಗ್ನಿ' ಎಂಬ ತಂಡ, ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್'. ರಾಕ್ ಬ್ಯಾಂಡ್ ಎಂದರೆ ದಿಬ್ಬಣದ ಮುಂದೆ ಕೆಂಪು ಕೋಟು ತೊಟ್ಟು ಊದುವ ಬ್ಯಾಂಡ್‌ಸೆಟ್ ಅಲ್ಲ. ಗಿಟಾರು, ಬೇಸ್ ಗಿಟಾರು, ಡ್ರಮ್ಸ್ ಇಟ್ಟುಕೊಂಡು ತಾವೇ ಹಾಡು ಕಟ್ಟಿ ಹಾಡುವ ನಾಲ್ಕೈದು ಜನರ ಮೇಳ.

2008ರಲ್ಲಿ ಈ ತಂಡದ ಮೊದಲ ಆಲ್ಬಂ ಬಂತು. ಹೆಸರು 'ಅಂತರಾಗ್ನಿ'. ಅದನ್ನು ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕ ಜೋಡಿ ವಿಶಾಲ್ ಮತ್ತು ಶೇಖರ್. ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಶರೀಫರ ಗುಡಗುಡಿಯ ಪದವೂ, ಸೋರುವ ಮಾಳಿಗೆಯ ಪದವೂ ಕೂತಿದ್ದವು. ಅದೇ ವರ್ಷ 'ಸೈಕೋ' ಚಿತ್ರದಲ್ಲಿ ಮಹದೇಶ್ವರನ ಹೆಸರು ಹಿಡಿದು ರಘು ಹಾಡಿದ ಹಾಡು ಬಂತು. ಸಿನಿಮಾ ನೋಡದವರ ಬಾಯಲ್ಲೂ ಅದು ಕುಣಿಯಿತು.

ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಈ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಎರಡನೇ ಆಲ್ಬಂ 'ಜಗ್ ಚಂಗಾ' ಬಂದದ್ದು 2013ರಲ್ಲಿ. ಮೊದಲನೆಯದು ಬಹುಮಟ್ಟಿಗೆ ಒಬ್ಬ ಹಾಡುಗಾರ ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡಿದ್ದ ಹಾಡುಗಳ ಗಂಟು. ಎರಡನೆಯದು ಐದು ವರ್ಷ ಊರೂರು, ದೇಶದೇಶ ಸುತ್ತಿದ ಮೇಳದ ಹಾಡು. ಸದ್ದು ತುಂಬಿಕೊಂಡಿತು. ಮೊದಲ ಆಲ್ಬಂನ ಆ ಸರಳ ಗಿಟಾರಿಗೆ ಒಗ್ಗಿದ ಕಿವಿಗೆ ಇದು ಬೇರೆಯೇ. ಆದರೆ ಅದರಲ್ಲೂ ಶರೀಫರು ಇದ್ದರು. ಲೋಕದ ಚಿಂತೆಯ ಪದವಿತ್ತು, ಕೋಳಿ ಕೋಡಗನನ್ನು ನುಂಗುವ ಒಗಟಿನ ಪದವಿತ್ತು. ವಾದ್ಯ ಬದಲಾಯಿತು, ಬೇರು ಬದಲಾಗಲಿಲ್ಲ ಎನ್ನಲು ಇಷ್ಟು ಸಾಕು.

ಇವರ ಜೊತೆಗೇ ಬೆಳೆದ ಇನ್ನೊಂದು ತಂಡ 'ಸ್ವರಾತ್ಮ'. 2009ರ ಮೊದಲ ಆಲ್ಬಂನಲ್ಲಿ ಕಾವೇರಿ ಜಗಳವನ್ನು ನದಿಯ ಬಾಯಿಂದಲೇ ಹೇಳಿಸಿದ ಹಾಡೊಂದಿತ್ತು. ಸಕಲೇಶಪುರದ ಸೇತುವೆ ಕೆಳಗೆ ಹರಿಯುವ ಹೇಮಾವತಿ ಗೊರೂರಿನ ಅಣೆಕಟ್ಟು ದಾಟಿ ಸೇರುವುದು ಅದೇ ಕಾವೇರಿಯನ್ನು. ಹಾಗಾಗಿ ಆ ಹಾಡು ಈ ಕಡೆಯವರಿಗೂ ಸಂಬಂಧಪಟ್ಟದ್ದೇ. 2012ರ ಎರಡನೇ ಆಲ್ಬಂ 'ಟೋಪಿವಾಲೇ' ಬಂದಾಗ ಅದೇ ತಂಡ ರಾಜಕಾರಣಿಗಳನ್ನು ಲೇವಡಿ ಮಾಡುವ ವರಸೆಗೆ ಹೊರಳಿತು. ಒಂದು ಆಲ್ಬಂ ಗೆದ್ದಿತೆಂದು ಅದನ್ನೇ ಇನ್ನೊಮ್ಮೆ ಮಾಡಲು ಒಪ್ಪದ ತಂಡ ಇದೂ ಒಂದು.

ಬೈಗುಳ ತಿಂದು ಗೆದ್ದವರು

ಈ ಕಾಟ ಕನ್ನಡದವರಿಗೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಬಾಬ್ ಡಿಲನ್ ಬರೀ ಮರದ ಗಿಟಾರು, ಮೌತ್ ಆರ್ಗನ್ ಹಿಡಿದು ಜನಪದ ಧಾಟಿಯಲ್ಲಿ ಹಾಡಿ ಹೆಸರು ಮಾಡಿದವರು. 1965ರ ಜುಲೈ 25ರಂದು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಕರೆಂಟ್ ಗಿಟಾರು ಹಿಡಿದು ವೇದಿಕೆ ಹತ್ತಿದರು. ಸಭೆಯಲ್ಲಿ ಕೂಗಾಟ. ಮರುವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಬ್ಬ ಎದ್ದು ನಿಂತು ಯೇಸುವಿಗೆ ದ್ರೋಹ ಬಗೆದ ಜೂದಾಸನ ಹೆಸರು ಹಿಡಿದೇ ಕರೆದ. ಅದೇ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಸಂಗೀತಕ್ಕಲ್ಲ, ಸಾಹಿತ್ಯಕ್ಕೆ! ಕರೆಂಟ್ ಗಿಟಾರು ಮಾತನ್ನು ನುಂಗಿ ಹಾಕಿದ್ದರೆ ಈ ಗೌರವ ಬರುತ್ತಿತ್ತೆ?

ಹಾಡಿನ ಧಾಟಿ ಸಣ್ಣ ವಿಷಯ ಎನ್ನುವವರು ನಾಡಗೀತೆಯ ಕಥೆ ನೆನೆಯಲಿ. ಕುವೆಂಪು ಬರೆದ ಆ ಒಂದೇ ಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ, ಅಶ್ವತ್ಥರ ಧಾಟಿಯಲ್ಲೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 2022ರಲ್ಲಿ ಸರ್ಕಾರವೇ ಆದೇಶ ಹೊರಡಿಸಿ, ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಗೊತ್ತು ಮಾಡಿತು. ಶಾಲೆಗೆ, ಸರ್ಕಾರಿ ಸಮಾರಂಭಕ್ಕೆ ಒಂದೇ ಧಾಟಿ ಇರಲಿ, ಸರಿ. ಆದರೆ ಎಲ್ಲ ಹಾಡಿಗೂ ಹೀಗೆ ಮೊಳೆ ಹೊಡೆದು ಕೂರಿಸಿದರೆ ಸಂಗೀತ ಉಳಿದೀತೆ?

ಬದಲಾಗುವುದು ಯಾಕೆ?

ಕಾರಣ ನಿಗೂಢವೇನಲ್ಲ. ನೂರು ಜನರ ಸಭಾಂಗಣಕ್ಕೆ ಒಂದು ಗಿಟಾರು ಸಾಕು. ಹತ್ತು ಸಾವಿರ ಜನರ ಮೈದಾನಕ್ಕೆ ಸಾಲದು. ಅಲ್ಲಿ ಡ್ರಮ್ಸ್ ಬೇಕು, ಬೇಸ್ ಬೇಕು. ಡ್ರಮ್ಸ್ ಬಂತೆಂದರೆ ಹಾಡಿನ ನಡಿಗೆಯೂ ಬದಲು. ಹಾರ್ಮೋನಿಯಂ ಮುಂದೆ ಹಾಡುವವನು ಬೇಕಾದ ಕಡೆ ಒಂದು ಪದವನ್ನು ಎಳೆದು ನಿಲ್ಲಿಸಬಹುದು, ತಬಲದವನು ಕಾಯುತ್ತಾನೆ. ಡ್ರಮ್ಸ್ ಕಾಯುವುದಿಲ್ಲ. ಗಡಿಯಾರದ ಹಾಗೆ ಓಡುತ್ತದೆ, ಹಾಡುವವನೇ ಅದರ ಹಿಂದೆ ಓಡಬೇಕು. ಕುಣಿಯುವವರಿಗೆ ಅದು ಲಾಭ, ಮಾತು ಕೇಳುವವರಿಗೆ ಕೆಲವೊಮ್ಮೆ ನಷ್ಟ.

ವಾದ್ಯ ನುಡಿಸುವವರು ಬದಲಾದರೂ ಸದ್ದು ಬದಲು. ಮಾರಾಟದ ದಾರಿ ಬದಲಾದರೂ ಸದ್ದು ಬದಲು. ಕ್ಯಾಸೆಟ್ ಕೊಂಡವನು ಎರಡೂ ಬದಿ ಕೇಳುತ್ತಿದ್ದ, ಯಾಕೆಂದರೆ ದುಡ್ಡು ಕೊಟ್ಟಿದ್ದ. ಮೊಬೈಲಿನಲ್ಲಿ ಕೇಳುವವನು ಅರ್ಧ ನಿಮಿಷಕ್ಕೆ ಬೆರಳು ಸರಿಸುತ್ತಾನೆ. ಅಷ್ಟರೊಳಗೆ ಅವನನ್ನು ಹಿಡಿದು ನಿಲ್ಲಿಸುವ ಪಾಡು ಹಾಡು ಕಟ್ಟುವವನದು.

ಗುಡ್ಡದ ಊರುಗಳ ಪಾಲೇನು?

ಈಗ ಊರಿನ ಮಾತಿಗೆ ಬರೋಣ. ಸಕಲೇಶಪುರ, ಆಲೂರು ಕಡೆ ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಮದುವೆ, ಜಾತ್ರೆ, ಸುಗ್ಗಿ ಒಂದರ ಹಿಂದೆ ಒಂದು ಬರುತ್ತವೆ. ಗಣಪತಿ ಪೆಂಡಾಲು, ನವೆಂಬರಿನ ರಾಜ್ಯೋತ್ಸವ ಬೇರೆ. ಹಾಡುವ, ಬಾರಿಸುವ ಹುಡುಗರಿಗೆ ವರ್ಷದ ಸಂಪಾದನೆ ಇದೇ ಕೆಲವು ತಿಂಗಳದ್ದು. ಆರ್ಕೆಸ್ಟ್ರಾ ಎಂದರೆ ಕೀಬೋರ್ಡು, ರಿದಂ ಪ್ಯಾಡು, ಇಬ್ಬರು ಗಾಯಕರು, ಒಬ್ಬ ನಿರೂಪಕ, ಜೊತೆಗೆ ವ್ಯಾನಿನ ಬಾಡಿಗೆ.

ಇವರ ಮೇಲೆ ಎರಡು ಕಡೆಯಿಂದ ಏಟು. ಸಮಿತಿಯವರು "ಹಳೇ ಹಿಟ್ ಹಾಡು ಬಿಟ್ಟು ಬೇರೆ ಬೇಡ" ಅಂತಾರೆ. ಸ್ವಂತ ಹಾಡು ಕಟ್ಟಿದ ಹುಡುಗ ಅದನ್ನು ಮಡಿಚಿ ಜೇಬಿಗಿಟ್ಟು ಅದೇ ಸಿನಿಮಾ ಹಾಡಿನ ನಕಲು ಹಾಡಿ ಬರುತ್ತಾನೆ. ಇನ್ನೊಂದು ಕಡೆ ಡಿಜೆ. ಹಾಡುವವರು ಬೇಡ, ಬಾರಿಸುವವರು ಬೇಡ. ಲಾರಿ ಮೇಲೆ ಬಾಕ್ಸು ಜೋಡಿಸಿದರೆ ಮುಗಿಯಿತು. ಅದರ ಎದುರು ವಾಲಗವೂ ಸಣ್ಣದಾಗಿದೆ, ಸುಗ್ಗಿ ಕುಣಿತದ ತಮಟೆಯೂ ಸಣ್ಣದಾಗಿದೆ.

ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದು ಎಂದು ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹಬ್ಬ, ಸಾಂಸ್ಕೃತಿಕ ಸಮಾರಂಭಗಳಿಗೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅಂದರೆ ಜಾತ್ರೆ ಸಮಿತಿ ಕೈಯಲ್ಲಿರುವ ಹೊತ್ತು ಅಳತೆಯದ್ದು. ಆ ಹೊತ್ತನ್ನು ಯಾರಿಗೆ ಕೊಡಬೇಕು ಎಂಬುದೇ ಪ್ರಶ್ನೆ.

ಹೊಸ ವರಸೆಯನ್ನು ಅಳೆಯುವ ಕೋಲು ಒಂದೇ: ಮಾತು ಕೇಳಿಸುತ್ತದೆಯೇ? ಗಿಟಾರು ಬರಲಿ, ಡ್ರಮ್ಸ್ ಬರಲಿ, ಕೀಬೋರ್ಡಿನಲ್ಲಿ ಕೊಳಲು ನುಡಿಸಲಿ. ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಗೆ ಪದ ಪದ ಕೇಳಿಸಿದರೆ ಆ ಬದಲಾವಣೆ ಪಾಸು. ಎದೆ ಮಾತ್ರ ನಡುಗಿ ಮಾತು ಹಾರಿಹೋದರೆ, ವಾದ್ಯ ಎಷ್ಟೇ ಹಳೆಯದಾಗಿರಲಿ, ಫೇಲು. ಅಶ್ವತ್ಥ್ ಈ ಪರೀಕ್ಷೆಯಲ್ಲಿ ಗೆದ್ದರು. ಶರೀಫರನ್ನು ಗಿಟಾರಿಗೆ ತಂದವರೂ ಗೆದ್ದದ್ದು ಇದರಲ್ಲೇ. ಇಂಗ್ಲಿಷ್ ಶಾಲೆಯಲ್ಲಿ ಓದುವ ಎಸ್ಟೇಟ್ ಮಕ್ಕಳ ಬಾಯಲ್ಲೂ ಶರೀಫರ ಸಾಲು ಬಂದರೆ, ಅದರಲ್ಲಿ ಗಿಟಾರಿನ ಪಾಲೂ ಇದೆ.

ಜಾತ್ರೆ ಸಮಿತಿಗಳು, ಕನ್ನಡ ಸಂಘಗಳು ಮಾಡಬೇಕಾದದ್ದು ದುಬಾರಿ ಕೆಲಸವೇನಲ್ಲ. ಮೂರು ತಾಸಿನ ಕಾರ್ಯಕ್ರಮದಲ್ಲಿ ಅರ್ಧ ತಾಸು ಊರ ಹುಡುಗರ ಸ್ವಂತ ಹಾಡಿಗೆ ಬಿಟ್ಟುಕೊಡಲಿ. ಮೈಕ್ ಸೆಟ್ಟಿನವನಿಗೆ ಬೇಸ್ ತಗ್ಗಿಸಿ ಗಾಯಕನ ಮೈಕ್ ಏರಿಸಲು ಹೇಳಲಿ. ಕೇಳುವವರು ಹೊಸ ಹಾಡನ್ನು ಎರಡನೇ ಸಲವೂ ಕೇಳುವ ತಾಳ್ಮೆ ತೋರಲಿ. ಮೊದಲ ಸಲಕ್ಕೆ ಅಶ್ವತ್ಥರ ಏರು ದನಿಯೂ ಹೊಸತೇ ಆಗಿತ್ತು. ಈಗ ಅದೇ "ಹಳೇ ಗಮ್ಮತ್ತು" ಆಗಿ ಕೂತಿಲ್ಲವೆ?