ರಾಯಭಾರ ಕಚೇರಿಗಳ ರಕ್ಷಣೆ: ಎಂಜಿನಿಯರರ ಪಾಲು



ಇಲ್ಲಿ ಸೇರಿರುವವರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ವೀಸಾಕ್ಕಾಗಿ ರಾಯಭಾರ ಕಚೇರಿಯೊಂದರ ಮುಂದೆ ಸಾಲಿನಲ್ಲಿ ನಿಂತವರೇ ಆಗಿದ್ದೀರಿ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು ೨೦೨೫ರ ಜನವರಿಯಲ್ಲಿ. ನಮ್ಮ ತಲೆಮಾರಿನವರು ರಾತ್ರಿ ರೈಲು ಹತ್ತಿ ಮದರಾಸಿಗೆ ಹೋದವರು. ಬೀದಿಯಂಚಿನ ಗಿಡ್ಡ ಉಕ್ಕಿನ ಕಂಬಗಳು, ಭಾರವಾದ ಬಾಗಿಲು, ದಪ್ಪ ಗಾಜಿನ ಆಚೆ ಕುಳಿತ ಅಧಿಕಾರಿ, ಇವನ್ನೆಲ್ಲ ಕಂಡಿದ್ದೇವೆ. ಇವು ಏಕೆ ಹೀಗಿವೆ ಎಂಬುದನ್ನು ತಿಳಿಸುವುದು ಇಂದಿನ ಉಪನ್ಯಾಸದ ಉದ್ದೇಶ. ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಈ ಕೆಲಸಕ್ಕೆಂದೇ ಭದ್ರತಾ ಎಂಜಿನಿಯರರ ಒಂದು ವರ್ಗವಿದೆ. ಈ ವೃತ್ತಿಯಲ್ಲಿ ಗುಟ್ಟು ಕಾಯುವುದೂ ಕರ್ತವ್ಯದ ಭಾಗವೇ ಆದ್ದರಿಂದ, ಬಹಿರಂಗವಾಗಿ ದಾಖಲಾಗಿರುವ ಸಂಗತಿಗಳನ್ನಷ್ಟೇ ಇಲ್ಲಿ ಹೇಳುತ್ತೇವೆ.

ಮೊದಲು ಕಾನೂನಿನ ಮಾತು. ರಾಯಭಾರ ಕಚೇರಿಯ ನೆಲ ಪರದೇಶದ ನೆಲವೆಂಬ ನಂಬಿಕೆ ಸಾಮಾನ್ಯವಾಗಿದೆ, ಅದು ಸರಿಯಲ್ಲ. ನೆಲ ಆತಿಥೇಯ ರಾಷ್ಟ್ರದ್ದೇ. ಆದರೆ ೧೯೬೧ರ ವಿಯೆನ್ನಾ ಒಪ್ಪಂದದ ೨೨ನೆಯ ವಿಧಿಯಂತೆ, ರಾಯಭಾರಿಯ ಅನುಮತಿಯಿಲ್ಲದೆ ಆ ದೇಶದ ಅಧಿಕಾರಿಗಳು ಒಳಗೆ ಕಾಲಿಡುವಂತಿಲ್ಲ. ಕಚೇರಿಯನ್ನು ಹೊರಗಿನಿಂದ ಕಾಪಾಡುವ ವಿಶೇಷ ಹೊಣೆಯೂ ಅವರದೇ. ಆದುದರಿಂದ ಬೀದಿಯಲ್ಲಿ ಆ ದೇಶದ ಪೊಲೀಸರು, ಗೋಡೆಯ ಒಳಗೆ ಕಳುಹಿಸಿದ ದೇಶದ ಏರ್ಪಾಟು. ಆದರೆ ಕಾಗದದ ಮೇಲಿನ ವಿಧಿ ಕಳ್ಳಕಿವಿಯನ್ನಾಗಲಿ ಸಿಡಿಮದ್ದನ್ನಾಗಲಿ ತಡೆಯಲಾರದು. ಎಂಜಿನಿಯರರ ಕೆಲಸ ಆರಂಭವಾಗುವುದು ಅಲ್ಲಿಂದ.

ಕಳ್ಳಕಿವಿಯ ಕಥೆಗೆ ಮಾಸ್ಕೋ ನಗರವೇ ಪಾಠಶಾಲೆ. ೧೯೪೫ರಲ್ಲಿ ಸೋವಿಯತ್ ಶಾಲಾ ಬಾಲಕರು ಅಮೆರಿಕದ ರಾಯಭಾರಿ ಆವೆರೆಲ್ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯನ್ನು ಅಲಂಕರಿಸಿತು. ಅದರೊಳಗೆ ಶ್ರವಣಯಂತ್ರವಿದ್ದುದು ಪತ್ತೆಯಾದದ್ದು ೧೯೫೨ರಲ್ಲಿ. ಅದರಲ್ಲಿ ಬ್ಯಾಟರಿಯೂ ಇರಲಿಲ್ಲ, ವಿದ್ಯುತ್ ತಂತಿಯೂ ಇರಲಿಲ್ಲ. ಇದ್ದದ್ದು ಒಂದು ತೆಳು ಪೊರೆ, ಒಂದು ಲೋಹದ ಡಬ್ಬಿ, ಒಂದು ಆಂಟೆನಾ. ಹೊರಗಿನಿಂದ ರೇಡಿಯೋ ಅಲೆಯನ್ನು ಹಾಯಿಸಿದಾಗ, ಕೋಣೆಯ ಮಾತಿಗೆ ಪೊರೆ ಕಂಪಿಸಿ, ಮರಳುವ ಅಲೆಯಲ್ಲಿ ಆ ಮಾತು ಬೆರೆಯುತ್ತಿತ್ತು. ತನ್ನ ಹೆಸರಿನ ಸಂಗೀತವಾದ್ಯದಿಂದ ಪ್ರಸಿದ್ಧನಾದ ಲಿಯೋನ್ ಥೆರೆಮಿನ್ ಇದರ ನಿರ್ಮಾತೃ.

೧೯೮೪ರಲ್ಲಿ ಸೋವಿಯತ್ ದೇಶದಲ್ಲಿನ ಅಮೆರಿಕನ್ ಕಚೇರಿಗಳ ಹದಿನಾರು ವಿದ್ಯುತ್ ಟೈಪ್‌ರೈಟರ್‌ಗಳಲ್ಲಿ, ಒತ್ತಿದ ಪ್ರತಿ ಅಕ್ಷರವನ್ನೂ ಹೊರಗೆ ರವಾನಿಸುವ ಉಪಕರಣಗಳು ಸಿಕ್ಕವು. ಪತ್ರ ಗೂಢಲಿಪಿಗೆ ತಿರುಗುವ ಮುನ್ನವೇ ಅದರ ಗುಟ್ಟು ಹೊರಬೀಳುತ್ತಿತ್ತು. ಮಾಸ್ಕೋದ ಹೊಸ ಕಚೇರಿಯ ಕಟ್ಟಡದ್ದಂತೂ ಇನ್ನೂ ದೊಡ್ಡ ಕಥೆ. ೧೯೭೯ರಲ್ಲಿ ಆರಂಭವಾದ ಆ ಕೆಲಸದಲ್ಲಿ ಕಾಂಕ್ರೀಟಿನ ಭಾಗಗಳು ಬೇರೆಡೆ ಅಚ್ಚಾಗಿ ಬರುತ್ತಿದ್ದವು. ಅವುಗಳ ಹೊಟ್ಟೆಯಲ್ಲೇ ಉಪಕರಣಗಳು ಅಡಗಿದ್ದವು. ೧೯೮೫ರಲ್ಲಿ ಕೆಲಸ ನಿಂತಿತು. ಕಡೆಗೆ ಮೇಲಿನ ಅಂತಸ್ತುಗಳನ್ನು ಕೆಡವಿ, ಅಮೆರಿಕದಿಂದ ತಂದ ಸಾಮಗ್ರಿಯಲ್ಲಿ ಮತ್ತೆ ಕಟ್ಟಿ, ೨೦೦೦ದಲ್ಲಿ ಕಚೇರಿ ತೆರೆಯಬೇಕಾಯಿತು. ಅಂದಿನಿಂದ ಸಿಮೆಂಟು ಎಲ್ಲಿಯದು, ಯಾರು ಸಾಗಿಸಿದರು, ರಾತ್ರಿ ಅದು ಯಾರ ಕಾವಲಿನಲ್ಲಿತ್ತು ಎಂಬ ಲೆಕ್ಕವೂ ಈ ವೃತ್ತಿಯ ಅಂಗವಾಯಿತು.

ಇನ್ನು ಸಿಡಿಮದ್ದಿನ ವಿಷಯ. ೧೯೮೩ರ ಏಪ್ರಿಲ್ ೧೮ರಂದು ಬೇರೂತಿನ ಅಮೆರಿಕನ್ ರಾಯಭಾರ ಕಚೇರಿಯ ಮೇಲೆ ನಡೆದ ವಾಹನಬಾಂಬಿನ ದಾಳಿಯಲ್ಲಿ ೬೩ ಜನ ಸತ್ತರು. ಅಡ್ಮಿರಲ್ ಇನ್ಮನ್ ಅಧ್ಯಕ್ಷತೆಯ ಸಮಿತಿ ೧೯೮೫ರಲ್ಲಿ ವರದಿ ಕೊಟ್ಟು, ಕಟ್ಟಡಗಳು ಬೀದಿಯಿಂದ ದೂರವಿರಬೇಕೆಂದಿತು. ಆ ಸಲಹೆ ಎಲ್ಲೆಡೆ ಜಾರಿಗೆ ಬರಲಿಲ್ಲ. ೧೯೯೮ರ ಆಗಸ್ಟ್ ೭ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳಲ್ಲಿ ಒಂದೇ ಬೆಳಗ್ಗೆ ಸ್ಫೋಟಗಳಾದವು. ೨೦೦ಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಅಮೆರಿಕನ್ನರು ೧೨. ಉಳಿದವರು ಬಹುತೇಕ ಆಫ್ರಿಕದವರೇ. ನೈರೋಬಿಯಲ್ಲಿ ಪಕ್ಕದ ಉಫುಂಡಿ ಕಟ್ಟಡ ಕುಸಿಯಿತು. ಮೊದಲ ಸದ್ದು ಕೇಳಿ ಕಿಟಕಿಗೆ ಬಂದ ಅನೇಕರು, ಮರುಕ್ಷಣದ ಮಹಾಸ್ಫೋಟದಲ್ಲಿ ಒಡೆದ ಗಾಜಿನಿಂದ ಕಣ್ಣು ಕಳೆದುಕೊಂಡರು.

ಇದಕ್ಕೆ ಎಂಜಿನಿಯರರ ಬಳಿ ಇರುವ ಮೊದಲ ಮದ್ದು ದೂರ. ತೆರೆದ ಬಯಲಿನಲ್ಲಿ ಸಿಡಿತದ ಒತ್ತಡ ದೂರದೊಂದಿಗೆ ಬಲುಬೇಗ ಇಳಿಯುತ್ತದೆ: ದೂರವನ್ನು ಎರಡರಷ್ಟು ಮಾಡಿದರೆ, ಅದೇ ಒತ್ತಡ ಉಂಟಾಗಲು ಎಂಟರಷ್ಟು ಮದ್ದು ಬೇಕು. ೧೯೯೯ರ ಕಾನೂನು ಹೊಸ ಕಚೇರಿಗಳಿಗೆ ೧೦೦ ಅಡಿಗಳ ಅಂತರವನ್ನು ಸಾಮಾನ್ಯ ನಿಯಮವಾಗಿ ವಿಧಿಸಿದ್ದು ಇದೇ ಕಾರಣದಿಂದ. ಎರಡನೆಯದು ಗಾಜು: ನಡುವೆ ಪ್ಲಾಸ್ಟಿಕ್ ಪದರವಿರುವ ಗಾಜು ಬಿರಿದರೂ ಚೂರುಚೂರಾಗಿ ಹಾರುವುದಿಲ್ಲ. ಮೂರನೆಯದು ಜೋಡಿಬಾಗಿಲು: ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ಒಡೆಯಲಾಗದ ಬಾಗಿಲೆಂಬುದು ಲೋಕದಲ್ಲಿ ಇಲ್ಲ. ಒಳಗಿನವರು ಸುರಕ್ಷಿತ ಕೋಣೆ ಸೇರಿ, ಗುಪ್ತಪತ್ರಗಳನ್ನು ನಾಶಮಾಡಿ, ಹೊರಗಿನ ನೆರವು ಬರುವವರೆಗೆ ಬೇಕಾದ ನಿಮಿಷಗಳನ್ನು ಗಳಿಸಿಕೊಡುವುದಷ್ಟೇ ಬಾಗಿಲಿನ ಕೆಲಸ.

ನಿತ್ಯದ ದುಡಿಮೆ ಇಷ್ಟು ರೋಚಕವಲ್ಲ. ಕ್ಯಾಮೆರಾ, ಎಚ್ಚರಿಕೆಯ ಗಂಟೆ, ಬೀಗ, ತಂತಿ. ಒಂದು ಊರಿನಲ್ಲಿ ಧೂಳು, ಮತ್ತೊಂದರಲ್ಲಿ ತೇವ, ಮಗದೊಂದರಲ್ಲಿ ಪದೇಪದೇ ಹೋಗುವ ಕರೆಂಟು. ಕೆಲವು ವರ್ಷಗಳಿಗೊಮ್ಮೆ ವರ್ಗ; ಮಕ್ಕಳಿಗೆ ಹೊಸ ಶಾಲೆ. ಮನೆಯವರು “ಇವತ್ತು ಏನು ಕೆಲಸ?” ಎಂದು ಕೇಳಿದರೆ ನಾವು ಹವಾಮಾನದ ಮಾತೆತ್ತುತ್ತೇವೆ! ಅಮೆರಿಕದ ಪೌರತ್ವ, ಪೂರ್ವಾಪರದ ದೀರ್ಘ ವಿಚಾರಣೆ, ತಾಂತ್ರಿಕ ಶಿಕ್ಷಣ ಇವು ಈ ಕೆಲಸಕ್ಕೆ ಬೇಕು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಈ ದಾರಿಯನ್ನೂ ಗಮನಿಸಬಹುದು.

ಕೊನೆಯದಾಗಿ ಒಂದು ಪ್ರಶ್ನೆ: ನಾವು ಕಾಯುವುದು ಯಾರನ್ನು? ಎಡ್ವರ್ಡ್ ಡ್ಯುರೆಲ್ ಸ್ಟೋನ್ ರೂಪಿಸಿ, ೧೯೫೯ರಲ್ಲಿ ದೆಹಲಿಯಲ್ಲಿ ತೆರೆದ ಅಮೆರಿಕನ್ ರಾಯಭಾರ ಕಚೇರಿ ಜಾಲಂದ್ರ, ಕೊಳಗಳ ಸೊಗಸಾದ ಕಟ್ಟಡ. ಅನಂತರದ ಹಲವು ಕಚೇರಿಗಳು ಊರಾಚೆಯ ಕೋಟೆಗಳಂತಾದವು. ಜನರಿಂದ ದೂರವಾದ ರಾಯಭಾರ ಅರ್ಧ ರಾಯಭಾರವೆಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ೨೦೧೮ರಲ್ಲಿ ಲಂಡನ್ನಿನಲ್ಲಿ ತೆರೆದ ಕಚೇರಿ ಎತ್ತರದ ಗೋಡೆಗೆ ಬದಲು ಕೊಳ ಮತ್ತು ತೋಟಗಳಿಂದ ಅಂತರ ಕಾಯ್ದುಕೊಂಡಿದೆ. ಆದರೆ ಇನ್ನೂ ಗಹನವಾದ ತೊಡಕು ಗೋಡೆಯ ಹೊರಗಿದೆ. ೨೦೦೮ರ ಜುಲೈ ೭ರಂದು ಕಾಬೂಲಿನ ಭಾರತೀಯ ರಾಯಭಾರ ಕಚೇರಿಯ ಬಾಗಿಲಲ್ಲಿ ನಡೆದ ದಾಳಿಯಲ್ಲಿ ನಮ್ಮ ಅಧಿಕಾರಿಗಳೂ ಕಾವಲಿನವರೂ ಪ್ರಾಣತೆತ್ತರು. ಆದರೆ ಸತ್ತವರಲ್ಲಿ ಹೆಚ್ಚಿನವರು ಬೀದಿಯಲ್ಲಿದ್ದ ಸಾಮಾನ್ಯ ಆಫ್ಘನ್ನರು. ಒಳಗಿನ ನೂರು ಜನರನ್ನು ಉಳಿಸಿ ಅಪಾಯವನ್ನು ಹೊರಗಿನ ಸಾಲಿಗೆ ದಾಟಿಸಿದರೆ ಕೆಲಸ ಮುಗಿಯಿತೆನ್ನಲಾಗದು. ಕಾಯುವ ಜನರಿಗೆ ವಾಹನಗಳ ಹಾದಿಯಿಂದ ಪ್ರತ್ಯೇಕವಾದ, ಮರೆಯಿರುವ ಜಾಗವೊಂದನ್ನು ನಕ್ಷೆಯಲ್ಲಿ ಮೊದಲೇ ಗುರುತಿಸುವುದು ಗಾಜಿನ ದಪ್ಪವನ್ನು ನಿಶ್ಚಯಿಸುವಷ್ಟೇ ಮುಖ್ಯ. ಆ ಸಾಲಿನಲ್ಲಿ ನಿಲ್ಲುವವರು ನಮ್ಮ ಅಣ್ಣ, ತಂಗಿ, ತಾಯಿತಂದೆಯರು ಎಂಬುದನ್ನು ನಕ್ಷೆ ಬರೆಯುವವರು ಮರೆಯಬಾರದು.