ಶಿರೋಹೀನ ಜೀವಿಗಳು: ದ್ವಿಕವಾಟಗಳ ಶರೀರರಚನೆಯೂ ವಿಕಾಸವೂ

ಎರಡು ಚಿಪ್ಪುಗಳ ನಡುವೆ ಬಾಳುವ ಮೃದುಕಾಯದ ಪ್ರಾಣಿಗಳಿಗೆ ಪ್ರಾಣಿಶಾಸ್ತ್ರಜ್ಞರು ಇಟ್ಟ ಹೆಸರುಗಳು ಹಲವು. ಲಿನ್ನೇಯಸನು ೧೭೫೮ರಲ್ಲಿ ಚಿಪ್ಪುಗಳ ಸಂಖ್ಯೆಯನ್ನು ನೋಡಿ ಇವನ್ನು ‘ಬೈವಾಲ್ವಿಯಾ’, ಎಂದರೆ ದ್ವಿಕವಾಟಗಳು, ಎಂದನು. ಗೋಲ್ಡ್‌ಫಸ್ ಎಂಬ ಜರ್ಮನ್ ಪಂಡಿತನು ೧೮೨೦ರಲ್ಲಿ ಕೊಡಲಿಯನ್ನು ಹೋಲುವ ಪಾದವನ್ನು ಲಕ್ಷಿಸಿ ‘ಪೆಲೆಸಿಪೋಡಾ’ ಎಂದು ಕರೆದನು. ಹಾಳೆಯಂತಹ ಕಿವಿರುಗಳನ್ನೇ ಮುಖ್ಯವೆಂದೆಣಿಸಿದವರು ‘ಲ್ಯಾಮೆಲಿಬ್ರಾಂಕಿಯಾ’ ಎಂಬ ಹೆಸರನ್ನು ಬಳಸಿದರು. ಇವೆಲ್ಲವೂ ಇರುವ ಅಂಗಗಳನ್ನು ಕುರಿತ ಹೆಸರುಗಳು. ಫ್ರಾನ್ಸಿನ ಕುವಿಯೇ ಒಬ್ಬನು ಮಾತ್ರ ಇಲ್ಲದ ಅಂಗವನ್ನು ಹಿಡಿದು ‘ಅಸೆಫಲಾ’, ಶಿರೋಹೀನಗಳು, ಎಂಬ ವರ್ಗದಲ್ಲಿ ಇವನ್ನು ಸೇರಿಸಿದನು. ಇಂದು ಲಿನ್ನೇಯಸನ ಹೆಸರೇ ರೂಢಿಯಲ್ಲಿ ಉಳಿದಿದೆ. ಆದರೂ ವಿಚಾರಕ್ಕೆ ಹೆಚ್ಚು ಎಡೆಗೊಡುವುದು ಕುವಿಯೇಯ ಹೆಸರೇ ಸರಿ.

ಬಸವನಹುಳುವಿಗೆ ತಲೆಯಿದೆ, ಕಣ್ಣುಗಳಿವೆ, ಆಹಾರವನ್ನು ಉಜ್ಜಿ ತಿನ್ನುವ ಗರಗಸದಂತಹ ನಾಲಗೆಯಿದೆ. ಅದೇ ಮೃದ್ವಂಗಿವಂಶಕ್ಕೆ ಸೇರಿದ ಅಷ್ಟಪದಿಯ ಬುದ್ಧಿಶಕ್ತಿಯಂತೂ ಪ್ರಸಿದ್ಧವಾದುದು. ದ್ವಿಕವಾಟಗಳಿಗಾದರೋ ತಲೆಯೂ ಇಲ್ಲ, ಆ ನಾಲಗೆಯೂ ಇಲ್ಲ. ಇದ್ದುದನ್ನು ಕಳೆದುಕೊಂಡ ಜೀವಿಯನ್ನು ಅವನತಿ ಹೊಂದಿದುದೆಂದು ಹೇಳುವುದು ಸುಲಭ. ಆದರೆ ಇಂದು ಬದುಕಿರುವ ದ್ವಿಕವಾಟಗಳ ಜಾತಿಗಳು ಒಂಬತ್ತು ಸಾವಿರಕ್ಕೂ ಮೇಲ್ಪಟ್ಟಿವೆ. ಅತ್ಯಂತ ಆಳವಾದ ಕಡಲಿನಿಂದ ಮೊದಲ್ಗೊಂಡು ನಮ್ಮ ಊರ ಕೆರೆಯ ಕೆಸರಿನವರೆಗೆ ಅವು ಹರಡಿಕೊಂಡಿವೆ. ಅವನತಿಯ ಮಾತು ಈ ಸಂಗತಿಯೊಡನೆ ಹೊಂದುವುದಿಲ್ಲ.

ಚಿಪ್ಪಿನ ಕೆಲಸವನ್ನು ಮೊದಲು ನೋಡಬಹುದು. ಶರೀರವನ್ನು ಹೊದ್ದಿರುವ ಪ್ರಾವಾರವೆಂಬ ತೆಳ್ಳನೆಯ ಮಾಂಸಪಟಲವು ಸುಣ್ಣದ ಅಂಶವನ್ನು ಸ್ರವಿಸಿ ಎರಡು ಚಿಪ್ಪುಗಳನ್ನೂ ಕಟ್ಟುತ್ತದೆ. ಅವೆರಡನ್ನೂ ಬೆನ್ನಿನ ಕಡೆಯಲ್ಲಿ ಸೇರಿಸಿರುವ ಬಂಧನವು ಸ್ಥಿತಿಸ್ಥಾಪಕವಾದುದು. ಚಿಪ್ಪು ಮುಚ್ಚಿದಾಗ ಅದು ಬಿಗಿತಕ್ಕೆ ಒಳಗಾಗಿ, ಬಿಟ್ಟೊಡನೆ ಚಿಪ್ಪನ್ನು ತೆರೆಯಿಸುತ್ತದೆ. ಆದಕಾರಣ ತೆರೆಯುವುದಕ್ಕೆ ಪ್ರಾಣಿಯು ಶ್ರಮಪಡಬೇಕಾಗಿಲ್ಲ. ಮುಚ್ಚುವುದಕ್ಕೆ ಮಾತ್ರ ಮಾಂಸಖಂಡಗಳು ಬೇಕು. ಸತ್ತ ಪ್ರಾಣಿಯ ಚಿಪ್ಪು ಬಾಯಿಬಿಡುವುದೂ, ಬಿಸಿನೀರಿಗೆ ಹಾಕಿದ ಚಿಪ್ಪಿಕಲ್ಲು ತಾನಾಗಿಯೇ ಅರಳುವುದೂ ಈ ಕಾರಣದಿಂದಲೇ. ಮುಚ್ಚುವ ಮಾಂಸಖಂಡದ ಒಂದು ಭಾಗವು ಅತ್ಯಲ್ಪ ಶಕ್ತಿಯ ವೆಚ್ಚದಲ್ಲಿ ಬಹುಕಾಲ ಬಿಗಿಹಿಡಿದು ನಿಲ್ಲಬಲ್ಲುದು. ಇಳಿತದ ಸಮಯದಲ್ಲಿ ಬಂಡೆಯ ಮೇಲೆ ಬಿಸಿಲಿಗೆ ಸಿಕ್ಕ ಪಚ್ಚಿಲೆಯು ನೀರು ಮರಳಿ ಬರುವವರೆಗೆ ಬದುಕಿರುವುದು ಇದರ ಬಲದಿಂದ.

ತಲೆಯ ಕೆಲಸವನ್ನು ವಹಿಸಿಕೊಂಡುದು ಕಿವಿರು. ಉಸಿರಾಟಕ್ಕೆ ಏರ್ಪಟ್ಟ ಈ ಅಂಗವು ಬಹುಪಾಲು ದ್ವಿಕವಾಟಗಳಲ್ಲಿ ದೊಡ್ಡದಾಗಿ ಬೆಳೆದು ಜರಡಿಯಾಗಿದೆ. ಅದರ ಮೇಲಿನ ಅಸಂಖ್ಯಾತ ಸೂಕ್ಷ್ಮರೋಮಗಳು ಎಡೆಬಿಡದೆ ಬಡಿಯುತ್ತ ನೀರನ್ನು ಒಳಕ್ಕೆ ಸೆಳೆಯುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮಸಸ್ಯಗಳು ಲೋಳೆಗೆ ಅಂಟಿ ಬಾಯಿಯ ಕಡೆಗೆ ಸಾಗುತ್ತವೆ. ದೊಡ್ಡದೊಂದು ಸಿಂಪಿಯು ಅನುಕೂಲ ಸ್ಥಿತಿಯಲ್ಲಿ ದಿನಕ್ಕೆ ನೂರು ಲೀಟರಿಗೆ ಮೇಲ್ಪಟ್ಟ ನೀರನ್ನು ಸೋಸಬಲ್ಲುದು. ಅನೇಕ ಜಾತಿಗಳ ಹೊಟ್ಟೆಯೊಳಗೆ ಸ್ಫಟಿಕದಂತೆ ಪಾರದರ್ಶಕವಾದ ಒಂದು ಕಡ್ಡಿಯಿರುತ್ತದೆ. ಅದು ಕಡೆಗೋಲಿನಂತೆ ತಿರುಗುತ್ತ ಲೋಳೆಯ ಎಳೆಯನ್ನು ಒಳಕ್ಕೆ ಸುತ್ತಿಕೊಳ್ಳುತ್ತದೆ. ಅದರ ತುದಿಯು ಸವೆದು ಜೀರ್ಣರಸವನ್ನು ಒದಗಿಸುತ್ತದೆ. ಆದರೆ ಕಡೆಗೋಲು ಹಿಂದಕ್ಕೂ ಮುಂದಕ್ಕೂ ಆಡುವುದು. ಈ ಕಡ್ಡಿ ಒಂದೇ ದಿಕ್ಕಿಗೆ ಪೂರ್ತಿಯಾಗಿ ತಿರುಗುವುದು. ಪ್ರಾಣಿಗಳ ಶರೀರದಲ್ಲಿ ಇಂತಹ ಯಂತ್ರವು ಬಹು ವಿರಳವಾದುದು.

ಇವುಗಳ ಅತಿ ಪ್ರಾಚೀನ ಅವಶೇಷಗಳು ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಕೇಂಬ್ರಿಯನ್ ಯುಗದ ಶಿಲೆಗಳಲ್ಲಿ ದೊರೆತಿವೆ. ಪೊಜೆಟಾಯಾ, ಫೋರ್ಡಿಲ್ಲಾ ಎಂಬ ಆ ಜೀವಿಗಳು ಕೆಲವೇ ಮಿಲಿಮೀಟರುಗಳಷ್ಟು ಚಿಕ್ಕವು. ಆ ಮೇಲೆ ಬಹುಕಾಲ ಕಡಲತಳದಲ್ಲಿ ಮೇಲುಗೈಯಾಗಿದ್ದವು ದ್ವಿಕವಾಟಗಳಲ್ಲ, ಹೊರನೋಟಕ್ಕೆ ಅವನ್ನೇ ಹೋಲುವ, ಆದರೆ ಬೇರೊಂದು ವಂಶಕ್ಕೆ ಸೇರಿದ ಬ್ರೇಕಿಯೋಪಾಡುಗಳು. ಸುಮಾರು ೨೫ ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಅಂತ್ಯದ ಮಹಾವಿನಾಶದಲ್ಲಿ, ಅವು ಬಹುಮಟ್ಟಿಗೆ ಅಳಿದುಹೋದುವು. ಮಿಗಿಲಾದ ದ್ವಿಕವಾಟಗಳು ಕೀಳಾದ ಬ್ರೇಕಿಯೋಪಾಡುಗಳನ್ನು ಸೋಲಿಸಿ ಓಡಿಸಿದುವೆಂದು ಪಂಡಿತರು ಬಹುಕಾಲ ಹೇಳುತ್ತಿದ್ದರು. ೧೯೮೦ರಲ್ಲಿ ಗೂಲ್ಡ್ ಮತ್ತು ಕ್ಯಾಲೋವೇ ಎಂಬವರು ಎರಡೂ ವಂಶಗಳ ಲೆಕ್ಕವನ್ನು ಯುಗಯುಗಕ್ಕೂ ಹಾಕಿ ನೋಡಿದಾಗ, ಒಂದರ ಏಳಿಗೆಗೂ ಇನ್ನೊಂದರ ಇಳಿಕೆಗೂ ನೇರವಾದ ಸಂಬಂಧವು ಕಾಣಲಿಲ್ಲ. ಮಹಾವಿನಾಶದ ಪೆಟ್ಟು ಒಂದು ವಂಶಕ್ಕೆ ಹೆಚ್ಚಾಗಿ, ಇನ್ನೊಂದಕ್ಕೆ ಕಡಮೆಯಾಗಿ ತಗುಲಿದ್ದಿತು. ಗೆದ್ದವರ ಗುಣಗಾನವನ್ನೇ ಚರಿತ್ರೆಯೆಂದು ಭಾವಿಸುವ ಅಭ್ಯಾಸವು ಶಿಲಾಶಾಸ್ತ್ರಕ್ಕೂ ಇದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಹಾಗಿದ್ದರೆ ಆ ಬಳಿಕ ದ್ವಿಕವಾಟಗಳು ಇಷ್ಟೊಂದು ಹಬ್ಬಿದುದು ಹೇಗೆ? ಸ್ಟ್ಯಾನ್ಲಿಯು ೧೯೬೮ರಲ್ಲಿ ಕೊಟ್ಟ ವಿವರಣೆಯು ಸರಳವೂ ಮನಮುಟ್ಟುವಂತಹದೂ ಆಗಿದೆ. ಪ್ರಾವಾರದ ಅಂಚುಗಳು ಕೂಡಿಕೊಂಡು ಎರಡು ನಾಳಗಳಾದುವು; ಒಂದರಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಇದರಿಂದ ಪ್ರಾಣಿಯು ಮರಳಿನಲ್ಲಿ ಆಳವಾಗಿ ಹುದುಗಿದ್ದು, ನಾಳಗಳ ತುದಿಯನ್ನಷ್ಟೇ ಮೇಲಕ್ಕೆ ಚಾಚಿ ಉಸಿರಾಡುವುದೂ ಉಣ್ಣುವುದೂ ಸಾಧ್ಯವಾಯಿತು. ಚಿಪ್ಪನ್ನು ಒಡೆಯುವ ಏಡಿಗಳೂ ಮೀನುಗಳೂ ಹೆಚ್ಚಿದ ಮಧ್ಯಜೀವಯುಗದಲ್ಲಿ ಈ ಅಡಗುತಾಣದ ಬೆಲೆ ಅಲ್ಪವಾದುದಲ್ಲ.

ಹುದುಗಿ ಬಾಳುವುದೊಂದೇ ಇವುಗಳ ಜೀವನಕ್ರಮವೆಂದು ತಿಳಿಯಬಾರದು. ನೌಕಾಕೀಟವೆಂದು ಹೆಸರಾದ ಟೆರೆಡೋ ಹುಳುವೇ ಅಲ್ಲ. ಚಿಪ್ಪುಗಳನ್ನು ಮರ ಕೊರೆಯುವ ಉಳಿಯನ್ನಾಗಿ ಮಾಡಿಕೊಂಡ ದ್ವಿಕವಾಟ. ಅದು ೧೭೩೦ರ ದಶಕದಲ್ಲಿ ಹಾಲೆಂಡಿನ ಕಡಲಕಟ್ಟೆಗಳ ಮರದ ಕೆಲಸವನ್ನು ತಿಂದು ದೇಶವನ್ನೇ ಭಯಗೊಳಿಸಿತು. ಕಸ್ಪಿಡೇರಿಯಾ ಎಂಬುದು ಸೋಸುವುದನ್ನು ಬಿಟ್ಟು ಚಿಕ್ಕ ಜಂತುಗಳನ್ನು ನುಂಗುತ್ತದೆ. ಪೆಕ್ಟೆನ್ ಎಂಬ ಬೀಸಣಿಗೆಚಿಪ್ಪು ಕವಾಟಗಳನ್ನು ಬಡಿಯುತ್ತ ಈಜುತ್ತದೆ. ಅದರ ಪ್ರಾವಾರದ ಅಂಚಿನಲ್ಲಿ ಇನ್ನೂರರವರೆಗೆ ಕಣ್ಣುಗಳಿರಬಹುದು. ಆ ಕಣ್ಣುಗಳಲ್ಲಿ ಬಿಂಬವನ್ನು ಮೂಡಿಸುವುದು ಮಸೂರವಲ್ಲ, ಹಿಂದಿರುವ ಕನ್ನಡಿ ಎಂಬುದನ್ನು ಮೈಕೇಲ್ ಲ್ಯಾಂಡ್ ೧೯೬೫ರಲ್ಲಿ ತೋರಿಸಿದನು. ತಲೆಯಿಲ್ಲದ ಪ್ರಾಣಿಗೆ ಇನ್ನೂರು ಕಣ್ಣು! ತಲೆಯೊಡನೆ ಕಣ್ಣೂ ಹೋಗಲೇಬೇಕೆಂಬ ನಿಯಮವು ಪ್ರಕೃತಿಯಲ್ಲಿಲ್ಲ.

ಸಿಹಿನೀರಿನ ದ್ವಿಕವಾಟಗಳ ಕಥೆ ಇನ್ನೊಂದು ಬಗೆ. ಕಡಲಿನಲ್ಲಿ ಮರಿಗಳು ನೀರಿನೊಡನೆ ತೇಲಿ ಹರಡುತ್ತವೆ. ಹೊಳೆಯಲ್ಲಿ ಹಾಗೆ ತೇಲಿದರೆ ಪ್ರವಾಹದ ಪಾಲಾಗುವುವು. ಆದ್ದರಿಂದ ಯೂನಿಯೋ ಕುಟುಂಬದ ತಾಯಿಯು ಮರಿಗಳನ್ನು ತನ್ನ ಕಿವಿರಿನಲ್ಲಿಯೇ ಬೆಳೆಸಿ ಹೊರಬಿಡುತ್ತದೆ. ಅವು ಮೀನಿನ ಕಿವಿರನ್ನೋ ಈಜುರೆಕ್ಕೆಯನ್ನೋ ಕಚ್ಚಿ ಹಿಡಿದು, ಕೆಲವು ಕಾಲ ಪರಾವಲಂಬಿಗಳಾಗಿದ್ದು, ಬಳಿಕ ಕಳಚಿ ತಳಕ್ಕಿಳಿಯುತ್ತವೆ. ತಾಯಿಯ ಕಿವಿರಿನಲ್ಲಿ ಈ ಮರಿಗಳನ್ನು ಕಂಡ ರಾಟ್ಕೆ ಎಂಬ ವಿದ್ವಾಂಸನು ೧೭೯೭ರಲ್ಲಿ ಅವನ್ನು ಬೇರೊಂದು ಪರಾವಲಂಬಿ ಜಂತುವೆಂದೇ ಬಗೆದು ‘ಗ್ಲೋಕಿಡಿಯಂ’ ಎಂಬ ಹೆಸರಿಟ್ಟನು. ತಪ್ಪು ತಿಳಿದುಬಂದರೂ ಹೆಸರು ಉಳಿಯಿತು. ಮೀನು ಹೊಳೆಯಿಂದ ಮರೆಯಾದರೆ ಈ ಚಿಪ್ಪುಗಳ ಸಂತಾನವೂ ನಿಲ್ಲುತ್ತದೆ. ಮುದಿಚಿಪ್ಪುಗಳು ದಶಕಗಳವರೆಗೆ ಬದುಕಬಲ್ಲವಾದುದರಿಂದ ಈ ನಷ್ಟವು ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ಕನ್ನಡನಾಡಿನಲ್ಲಿ ಈ ಜೀವಿಗಳ ಬದುಕನ್ನು ಅರಿಯುವುದಕ್ಕೆ ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಗಿಂತ ತಕ್ಕ ಸ್ಥಳವು ದುರ್ಲಭ. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಕೆಸರಿಗಿಳಿದು ಬಳಚನ್ನು ಆಯುತ್ತಾರೆ. ಅನೇಕ ಮನೆಗಳ ಒಲೆ ಉರಿಯುವುದು ಅದರಿಂದ. ದಕ್ಷಿಣ ಕನ್ನಡದವರ ಮರುವಾಯಿಯೂ ಇದರ ಬಳಗದ್ದೇ. ಒಂದೇ ಅಳಿವೆಯಲ್ಲಿಯೂ ಜಾತಿಗಳು ಉಪ್ಪಿನ ಪ್ರಮಾಣವನ್ನು ಅನುಸರಿಸಿ ನೆಲೆಗಳನ್ನು ಹಂಚಿಕೊಂಡಿವೆ: ಉಪ್ಪು ಕಡಮೆಯಿರುವ ಮೇಲ್ಭಾಗವು ಕಪ್ಪುಚಿಪ್ಪಿನ ವಿಲ್ಲೋರಿಟಾಕ್ಕೆ, ಕಡಲಬಾಯಿಯ ಬಳಿಯು ಪಾಫಿಯಾಕ್ಕೆ. ಮಳೆಗಾಲದ ಸಿಹಿನೀರು ಏರಿದಾಗ ಅವು ಚಿಪ್ಪು ಮುಚ್ಚಿ ಕಾಯುತ್ತವೆ. ಆದರೆ ಮುಚ್ಚಿದ ಚಿಪ್ಪಿನೊಳಗೆ ಉಣಿಸೂ ಇಲ್ಲ, ಹೊಸ ಉಸಿರೂ ಇಲ್ಲವಾದ ಕಾರಣ ಆ ಕಾಯುವಿಕೆಗೆ ಒಂದು ಮಿತಿಯುಂಟು. ಅಳಿವೆಯ ತಳದಲ್ಲಿ ಶೇಖರವಾದ ಹಳೆಯ ಚಿಪ್ಪುಗಳನ್ನು ಸುಣ್ಣದ ಸಲುವಾಗಿ ಅಗೆದಾಗ ಜೀವಂತ ಬಳಚಿನ ನೆಲೆಯೂ ಕದಡುತ್ತದೆ. ಮೇಲೆದ್ದ ಹೂಳು ಕಿವಿರಿನ ಜರಡಿಯನ್ನು ಕಟ್ಟಿಹಾಕುತ್ತದೆ. ಓಡಿಹೋಗಲಾರದ ಪ್ರಾಣಿಗೆ ನೀರಿನ ಹದವೇ ಆಯುಸ್ಸು. ಈ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದೆ. ಮುಖ್ಯ ಪ್ರವಾಹಕ್ಕೆ ದೊಡ್ಡ ಅಣೆಕಟ್ಟಿಲ್ಲದ ಹೊಳೆಯಾದುದರಿಂದ, ಸಿಹಿನೀರಿನ ಏರಿಳಿತವು ಅಲ್ಲಿ ಇಂದಿಗೂ ಮಳೆಯನ್ನೇ ಅನುಸರಿಸಿ ನಡೆಯುತ್ತಿದೆ.