ಗದ್ದಲ ತಾಳದವನು ಸೋಮಾರಿಯಲ್ಲ



ಅಡಿಕೆ ಸುಲಿಯುವ ಯಂತ್ರ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ತೋಟದತ್ತ ಓಡುವ ಪ್ರಾಯದ ಮಗನನ್ನು ಹೆತ್ತವರು "ಕೆಲಸಗಳ್ಳ" ಎಂದು ದೂರುವುದನ್ನು ಮನೆಭೇಟಿಯ ವೇಳೆ ಕೇಳಿದ್ದೇವೆ. "ಅಭ್ಯಾಸವಾದರೆ ಸರಿಹೋಗುತ್ತದೆ" ಎಂದು ನಾವೂ ಹಿಂದೆ ಸಲಹೆ ಕೊಟ್ಟದ್ದುಂಟು. ಆ ಸಲಹೆ ತಪ್ಪಾಗಿತ್ತು.

ಆಟಿಸಮ್ ಇರುವ ಅನೇಕರಿಗೆ ಶಬ್ದ, ಬೆಳಕು, ವಾಸನೆ, ಸ್ಪರ್ಶಗಳು ನಮಗಿಂತ ಎಷ್ಟೋ ತೀವ್ರವಾಗಿ ತಟ್ಟುತ್ತವೆ. ಇದು ಹಟವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಬೇರೆ. ಪ್ರಾಯಕ್ಕೆ ಬಂದ ಮೇಲೂ ಅದು ಹಾಗೆಯೇ ಉಳಿಯುತ್ತದೆ.

ಅಮೆರಿಕದ ಟೆಂಪಲ್ ಗ್ರಾಂಡಿನ್ (ಜನನ 1947) ಅವರಿಗೆ ಆಟಿಸಮ್ ಇದೆ. ದನಗಳು ಓಣಿಯಲ್ಲಿ ನಡೆಯದೆ ಹಿಂಜರಿಯುವುದೇಕೆಂದು ತಿಳಿಯಲು ಅವರು ತಾವೇ ಆ ಓಣಿಗೆ ಇಳಿದು ನೋಡಿದರು. ತೂಗುವ ಸರಪಳಿ, ನೆಲದ ನೆರಳು, ನೀರಿನ ಹೊಳಪು ದನಗಳನ್ನು ಹೆದರಿಸುತ್ತಿದ್ದವು. ಇಂಥವನ್ನು ತೆಗೆದರೆ ಹೊಡೆಯದೆಯೇ ದನ ಮುಂದೆ ನಡೆಯುತ್ತದೆಂದು ತೋರಿಸಿಕೊಟ್ಟರು. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕರಾದರು. ದನದ ವಿಷಯದಲ್ಲೇ ಇಷ್ಟು ವಿವೇಕ ಬೇಕಾದರೆ, ಮನೆಯ ಮಗನ ವಿಷಯದಲ್ಲಿ ಎಷ್ಟು ಬೇಕು!

ನಾವು ಮಾಡಬಹುದಾದದ್ದು:

1. ಯಾವುದು ಹಿಂಸೆಯಾಗುತ್ತದೆಂದು ಅವರನ್ನೇ ಕೇಳಿರಿ. ಮಾತು ಕಡಿಮೆಯಿದ್ದರೆ ಒಂದು ವಾರ ಗಮನಿಸಿರಿ.

2. ಯಂತ್ರವನ್ನು ದೂರದ ಮೂಲೆಗೆ ಸರಿಸಿ, ಶುರುಮಾಡುವ ಮೊದಲು ತಿಳಿಸಿರಿ. ಕಿವಿ ಮುಚ್ಚುವ ಇಯರ್ ಮಫ್ ಕೊಡಿರಿ. ಆದರೆ ಅದನ್ನು ಹಾಕಿದವರಿಗೆ ವಾಹನದ ಸದ್ದು ಕೇಳಿಸದು, ಕೈಸನ್ನೆ ಕಲಿಸಿರಿ.

3. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಕಾಣದ ಆ ಮಿನುಗು ಕೆಲವರನ್ನು ಬಾಧಿಸಬಹುದು. ಕಿಟಕಿಯ ಬೆಳಕಿನಲ್ಲಿ ಕೂರಿಸಿರಿ.

4. ರಬ್ಬರ್ ಶೀಟಿನ ಆಸಿಡ್ ವಾಸನೆ ತಾಳದವರಿಗೆ ಬೇರೆ ಕೆಲಸ ಕೊಡಿರಿ. ಪಟೋರ, ಉಳ್ಳಿ, ಕರಿಗೋಟು ಬೇರ್ಪಡಿಸುವಂಥ ಶಾಂತ ಕೆಲಸವನ್ನು ಕೆಲವರು ಬಹಳ ಅಚ್ಚುಕಟ್ಟಾಗಿ ಮಾಡುತ್ತಾರೆ.

5. ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ದಣಿದಾಗ ಹೋಗಿ ಕೂರಲು ಸದ್ದಿಲ್ಲದ ಜಾಗವಿರಲಿ.

6. ದುಡಿದ ಕೂಲಿಯನ್ನು ಅವರ ಕೈಗೇ ಕೊಡಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಮನ್ನು 21 ವೈಕಲ್ಯಗಳಲ್ಲಿ ಒಂದೆಂದು ಗುರುತಿಸಿದೆ. ಸರಕಾರಿ ಕಚೇರಿಗಳು ಅಂಥ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡಬೇಕೆಂದೂ ಹೇಳಿದೆ. ಆಟಿಸಮ್ ಇದೆಯೇ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ನಂತರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿರಿ. ನಾಚಿಕೆಪಡಬೇಡಿರಿ.

ಬಲಹೀನವೆಂದು ತೋರುವ ಅಂಗಗಳೇ ದೇಹಕ್ಕೆ ಅಗತ್ಯವೆಂದು ಸಂತ ಪೌಲರು ಕೊರಿಂಥದವರಿಗೆ ತಿಳಿಸಿದರು. ಈ ಸುಗ್ಗಿಯಲ್ಲಿ ಮಗನನ್ನು ಗದರಿಸುವ ಮೊದಲು ಯಂತ್ರವನ್ನು ಹತ್ತು ಮಾರು ದೂರ ಸರಿಸಿ ನೋಡೋಣ.